ಹತ್ತು ಲಕ್ಷದ ಒಂಬತ್ತು

ಹೊಸದಾಗಿ ಗಣಿತದ ಮೇಷ್ಟ್ರ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಕೊಳ್ಳೇಗಾಲದ ನಮ್ಮ ಮನೆಗೆ ಆಗಾಗ ಬರುತ್ತಾರೆ. ಕೊಟ್ಟ ಕಾಫಿ ಆರುವ ಮೊದಲೇ ವರ್ಗಾವಣೆಯ ಮಾತು ಶುರುವಾಗುತ್ತದೆ. ಹನೂರಿನ ಆಚೆ ಹಾಕಿದರೆ ಈಚೆ ಬರುವುದು ಹೇಗೆ, ಯಾರನ್ನು ಹಿಡಿಯಬೇಕು ಎಂದು ಕೇಳುತ್ತಾರೆ. ಅದು ನನಗೆ ಗೊತ್ತಿದ್ದಿದ್ದರೆ ಕೌದಳ್ಳಿಯ ಬಸ್ಸಿನಲ್ಲಿ ಅರ್ಧ ಆಯುಷ್ಯ ಕಳೆಯುತ್ತಿರಲಿಲ್ಲ. ಪಾಠ ಹೇಗೆ ಮಾಡಬೇಕು ಎಂದು ಕೇಳುವವರು ಕಡಿಮೆ. ಕೇಳದಿದ್ದರೂ ಹೇಳುವುದು ಮೇಷ್ಟ್ರಿಗೆ ಅಂಟಿದ ರೋಗ, ಹಾಗಾಗಿ ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ಹೆದರಿಕೆ ಇದೆ ಎಂದು ನಿಮಗೆ ಟ್ರೈನಿಂಗಿನಲ್ಲಿ ಯಾರೂ ಹೇಳಿರುವುದಿಲ್ಲ. ತುಂಬಿದ ತರಗತಿಯ ಎದುರು ಸೀಮೆಸುಣ್ಣ ಹಿಡಿದು ನೀವು ಬರೆದದ್ದು ಮಕ್ಕಳ ತಲೆಗೆ ಹೋಗಿ ಕೂರುತ್ತದೆ. ಅವರಲ್ಲಿ ಒಬ್ಬರು ನಾಳೆ ಮೇಷ್ಟ್ರಾದರೆ ಅದೇ ಮಾತು ಇನ್ನೊಂದು ತುಂಬಿದ ತರಗತಿಗೆ ಹೋಗುತ್ತದೆ. ಸರಿಯಾದದ್ದೂ ಹೋಗುತ್ತದೆ, ತಪ್ಪೂ ಹೋಗುತ್ತದೆ. ಎರಡಕ್ಕೂ ಒಂದೇ ದಾರಿ.

ನಾನು ಓದಿದ್ದು ಯಳಂದೂರಿನಲ್ಲಿ. ನನಗೆ ಗಣಿತ ಕಲಿಸಿದವರು ಗುರುಮಲ್ಲಪ್ಪ ಮೇಷ್ಟ್ರು. ಕತ್ತಿನವರೆಗೂ ಗುಂಡಿ ಹಾಕಿದ ಬಿಳಿ ಶರ್ಟು, ಎಣ್ಣೆ ಹಾಕಿ ತಿದ್ದಿದ ಕೂದಲು, ಕೈಯಲ್ಲಿ ಕೋಲಿಲ್ಲದಿದ್ದರೂ ನಮಗೆ ನಡುಕ. ಅವಿಭಾಜ್ಯ ಸಂಖ್ಯೆಯ ಪಾಠ ಮಾಡಿದ ದಿನ ಅವರು ಬೋರ್ಡಿನ ಈ ತುದಿಯಿಂದ ಆ ತುದಿಗೆ 10,00,009 ಎಂದು ದೊಡ್ಡದಾಗಿ ಬರೆದರು.

"ಹತ್ತು ಲಕ್ಷದ ಒಂಬತ್ತು. ಒಂದರಿಂದ ಓಗ್ತದೆ, ತನ್ನಿಂದ ತಾನೇ ಓಗ್ತದೆ. ಇನ್ಯಾವುದ್ರಿಂದ್ಲೂ ಓಗಲ್ಲ. ಇದು ಒಡೆಯದ ಕಲ್ಲು ಕಣ್ರೋ. ತಲೆ ಚಚ್ಕಂಡ್ರೆ ತಲೆ ಒಡೀತದೆ, ಇದು ಒಡೆಯಲ್ಲ" ಎಂದರು.

ಅದು ನಮ್ಮ ಕಡೆಯ ಗಣಿತಕ್ಕೆ ಮನೆದೇವರಂತಾಯಿತು. ಅವರ ಶಿಷ್ಯರೇ ಕೊಳ್ಳೇಗಾಲ, ಹನೂರು, ಯಳಂದೂರಿನ ಶಾಲೆಗಳಲ್ಲಿ ಮೇಷ್ಟ್ರಾದರು. ಅವಿಭಾಜ್ಯ ಸಂಖ್ಯೆಯ ಪಾಠ ಬಂದರೆ ಎಲ್ಲರ ಬೋರ್ಡಿನ ಮೇಲೂ ಹತ್ತು ಲಕ್ಷದ ಒಂಬತ್ತು. ನಾನೂ ಹಾಗೇ ಬರೆದೆ.

ಒಂದು ಸಂಖ್ಯೆ ಒಡೆಯುತ್ತದೋ ಇಲ್ಲವೋ ನೋಡಲು ಎರಡು, ಮೂರು, ಐದು, ಏಳು, ಹನ್ನೊಂದು ಹೀಗೆ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋಗಬೇಕು. ಎಲ್ಲಿಯವರೆಗೆ? ಭಾಗಿಸುವ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ನಮ್ಮ ಸಂಖ್ಯೆಯನ್ನು ದಾಟುವವರೆಗೆ. ಹತ್ತು ಲಕ್ಷದ ಒಂಬತ್ತಕ್ಕೆ ಸಾವಿರದವರೆಗೆ ಹೋಗಬೇಕು. ಇದು ಗಣಿತ ಓದಿದವರಿಗೆಲ್ಲ ಗೊತ್ತು. ಆದರೆ ಆಗ ನಮ್ಮ ಕೈಯಲ್ಲಿ ಇದ್ದದ್ದು ಮಗ್ಗಿ ಪುಸ್ತಕ. ಅದರ ಹಿಂದಿನ ರಟ್ಟಿನ ಮೇಲೆ ಅವಿಭಾಜ್ಯಗಳ ಪಟ್ಟಿ ತೊಂಬತ್ತೇಳಕ್ಕೆ ಮುಗಿಯುತ್ತಿತ್ತು, ಯಾಕೆಂದರೆ ಅಲ್ಲಿಗೆ ರಟ್ಟು ಮುಗಿಯುತ್ತಿತ್ತು. ನಮ್ಮ ಭಾಗಾಕಾರವೂ ಅಲ್ಲಿಗೇ ಮುಗಿಯುತ್ತಿತ್ತು.

ನನಗೆ ಮೊದಲು ಕೆಲಸ ಸಿಕ್ಕಿದ್ದು ಮುಳ್ಳೂರಿನಲ್ಲಿ. ಅಲ್ಲಿ ನಾನೊಂದು ಪದ್ಧತಿ ಹಾಕಿಕೊಂಡೆ. ಎಂಟನೇ ಕ್ಲಾಸಿಗೆ ಬಂದ ಪ್ರತಿ ಮಗುವಿಗೂ ಒಂದು ದೊಡ್ಡ ಸಂಖ್ಯೆ ಕೊಡುತ್ತಿದ್ದೆ. ಹತ್ತನೇ ಕ್ಲಾಸು ಮುಗಿಯುವವರೆಗೆ ಅದು ಆ ಮಗುವಿನದು. ಅದು ಯಾವ ಯಾವುದರಿಂದ ಭಾಗ ಹೋಗುತ್ತದೆ, ಅದರ ಅಂಕಿಗಳನ್ನು ಕೂಡಿದರೆ ಏನು, ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದೇ, ಹೊಸ ಪಾಠ ಕಲಿತಾಗಲೆಲ್ಲ ತನ್ನ ಸಂಖ್ಯೆಯ ಮೇಲೆ ಮಾಡಿ ನೋಡಬೇಕು. ರೇಷ್ಮೆ ಸೊಪ್ಪು ಕೊಯ್ದು ಬಂದು ನಿದ್ದೆ ತೂಗುವ ಮಕ್ಕಳಿಗೂ ಸ್ವಂತದ್ದು ಎಂದರೆ ಕಣ್ಣು ತೆರೆಯುತ್ತಿತ್ತು.

ಒಬ್ಬ ಹುಡುಗನಿಗೆ 1,42,857 ಕೊಟ್ಟಿದ್ದೆ. ಅದನ್ನು ಎರಡರಿಂದ ಗುಣಿಸಿದರೆ 2,85,714. ಮೂರರಿಂದ ಗುಣಿಸಿದರೆ 4,28,571. ಅವೇ ಅಂಕಿಗಳು, ಅದೇ ಸರತಿ, ಶುರುವಾಗುವ ಜಾಗ ಮಾತ್ರ ಬೇರೆ. ಆರರವರೆಗೂ ಹೀಗೇ ಸುತ್ತುತ್ತದೆ. ಅವನು ಒಂದು ಬೆಳಿಗ್ಗೆ ಪ್ರಾರ್ಥನೆಗೂ ಮೊದಲೇ ಬಂದು ನನ್ನ ಮುಂದೆ ನಿಂತ.

"ಮಿಸ್, ಏಳರಿಂದ ಗುಣಸ್ದೆ. ಎಲ್ಲಾ ಒಂಬತ್ತಾಗೋಯ್ತು. ಕೆಡಿಸ್ಬುಟ್ನಾ ಮಿಸ್?"

ಕೆಡಿಸಿರಲಿಲ್ಲ. 9,99,999 ಬರಲೇಬೇಕು. ಆದರೂ ಆ ಹುಡುಗ ಮುಖ ಬಾಡಿಸಿಕೊಂಡು ನಿಂತದ್ದನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಸಾಕಿದ ಕರುವಿಗೆ ಏನೋ ಆಯಿತು ಎನ್ನುವಂತಿತ್ತು ಅವನ ದನಿ.

ಅಷ್ಟರಲ್ಲಿ ಗುರುಮಲ್ಲಪ್ಪನವರು ಈ ಮೂರೂ ಶಿಕ್ಷಣ ವಲಯಕ್ಕೆ ಗಣಿತ ವಿಷಯದ ಪರಿವೀಕ್ಷಕರಾಗಿದ್ದರು. ಅವರು ಬರುತ್ತಾರೆ ಎಂದರೆ ಹೆಡ್ ಮೇಷ್ಟ್ರು ಶಾಲೆಗೆ ಎರಡೆರಡು ಸಲ ಕಸ ಹೊಡೆಸುತ್ತಿದ್ದರು. ನಮ್ಮ ಹೆಡ್ ಮೇಷ್ಟ್ರಿಗೆ ನನ್ನ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. "ಮಕ್ಳಿಗೆ ಕುರಿ ಹಂಚ್ದಂಗೆ ಸಂಖ್ಯೆ ಹಂಚಿದ್ದೀರಲ್ಲಾ ರತ್ನಮ್ಮನೋರೇ, ಸಿಲಬಸ್ ಮುಗಿದದಾ? ಸಾಹೇಬ್ರು ಕೇಳ್ದಾಗ ನೀವೇ ಉತ್ತರ ಕೊಟ್ಕಳಿ" ಎಂದು ಕೈ ತೊಳೆದುಕೊಂಡರು.

ಗುರುಮಲ್ಲಪ್ಪನವರು ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಪಾಠ ಮುಗಿದ ಮೇಲೆ ಎದ್ದು ಬಂದು ಒಬ್ಬೊಬ್ಬರನ್ನೇ "ನಿಂದ್ಯಾವುದಮ್ಮ? ನಿಂದ್ಯಾವುದಯ್ಯ?" ಎಂದು ಕೇಳಿದರು. ಹುಡುಗರು ತಮ್ಮ ತಮ್ಮ ಸಂಖ್ಯೆಯ ಗುಣಗಾನ ಶುರುಮಾಡಿದರು, ನಿಲ್ಲಿಸುವವರೇ ಇಲ್ಲ. ಊಟದ ಬೆಲ್ಲು ಹೊಡೆದರೂ ಗುರುಮಲ್ಲಪ್ಪನವರು ಕದಲಲಿಲ್ಲ. ಹೊರಡುವಾಗ ಹೆಡ್ ಮೇಷ್ಟ್ರ ಕಡೆ ತಿರುಗಿ, "ಈಯಮ್ಮನ ತಂಟೆಗೆ ಓಗ್ಬ್ಯಾಡಿ" ಎಂದು ಹೇಳಿ ಹೋದರು. ಅಂದಿನಿಂದ ಅವರ ಮೇಲಿನ ನನ್ನ ಭಕ್ತಿ ಇಮ್ಮಡಿಯಾಯಿತು. ಭಕ್ತಿ ಇಮ್ಮಡಿಯಾದ ಜಾಗದಲ್ಲಿ ಪ್ರಶ್ನೆ ಅರ್ಧವಾಗುತ್ತದೆ, ಅದು ಆಗ ನನಗೆ ಗೊತ್ತಿರಲಿಲ್ಲ.

ಈಗಿನ ನೀವು ಫೋನಿನಲ್ಲಿ ಸಂಖ್ಯೆ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದರ ಹುಟ್ಟು ಹೊರಗೆ ಬೀಳುತ್ತದೆ. ಅದು ಬೇಡವೆಂದು ನಾನು ಹೇಳುವುದಿಲ್ಲ, ನಾನೂ ಒತ್ತಿ ನೋಡುತ್ತೇನೆ. ಆದರೆ ಫೋನು ಹೇಳಿತು ಎನ್ನುವ ನಿಮ್ಮ ದನಿಗೂ, ಮೇಷ್ಟ್ರು ಹೇಳಿದರು ಎನ್ನುತ್ತಿದ್ದ ನನ್ನ ದನಿಗೂ ನನಗೆ ವ್ಯತ್ಯಾಸ ಕೇಳಿಸುವುದಿಲ್ಲ. ಯಾಕೆ ಎಂಬುದನ್ನು ಸೆಲ್ವಿಯ ವಿಷಯ ಹೇಳಿದರೆ ತಿಳಿಯುತ್ತದೆ.

ನಾನು ಕೌದಳ್ಳಿಗೆ ಹೋದ ಮೇಲಿನ ಮಾತು. ಫೋನು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಸೆಲ್ವಿಯ ಅಪ್ಪ ಪಾಲಾರಿನ ಕಡೆ ಹೊಳೆಯಲ್ಲಿ ಮೀನು ಹಿಡಿಯುವವರು. ಅಮ್ಮ ಇರಲಿಲ್ಲ. ಹುಡುಗಿ ಕೌದಳ್ಳಿಯಲ್ಲಿ ಟೀ ಅಂಗಡಿ ಇಟ್ಟಿದ್ದ ಅಜ್ಜಿಯ ಜೊತೆ ಇದ್ದಳು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಲೆಕ್ಕ ಮಾಡುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಂಟನೇ ಕ್ಲಾಸಿನಲ್ಲಿ ಸಂಖ್ಯೆ ಹಂಚುವಾಗ ಎದ್ದು ನಿಂತು, "ನಂಗೆ ಆ ಒಡೆಯದ್ ಕಲ್ಲು ಕೊಡಿ ಮಿಸ್" ಎಂದಳು.

"ಅದರಲ್ಲಿ ಮಾಡಕ್ಕೇನಿದೆಯೇ? ಅದು ಯಾವುದರಿಂದಲೂ ಹೋಗಲ್ಲ."

"ಓಗ್ದಿದ್ರೆ ಓಗ್ಲಿ ಮಿಸ್. ನಂಗದೇ ಬೇಕು."

ಕೊಟ್ಟೆ. ಸಾವಿರದ ವರ್ಗ ಹತ್ತು ಲಕ್ಷ, ಮೂರರ ವರ್ಗ ಒಂಬತ್ತು, ಎರಡೂ ಸೇರಿ ಹತ್ತು ಲಕ್ಷದ ಒಂಬತ್ತು ಎಂದು ಮೊದಲ ವಾರವೇ ತಂದು ತೋರಿಸಿದಳು. ಅದನ್ನು ಯಾರಾದರೂ ಕಾಣುತ್ತಾರೆ. ನಾನು ಶಭಾಷ್ ಎಂದೆ, ಜೊತೆಗೆ ನನ್ನ ಬಿ.ಎಸ್ಸಿ. ಪಾಂಡಿತ್ಯವನ್ನೂ ಸೇರಿಸಿದೆ: "ಅವಿಭಾಜ್ಯವನ್ನ ಹೀಗೆ ಎರಡು ವರ್ಗ ಕೂಡಿ ಬರೆಯಕ್ಕೆ ಆದರೆ, ಒಂದೇ ಒಂದು ರೀತೀಲಿ ಬರೆಯಕ್ಕಾಗೋದು. ಇನ್ನೊಂದು ರೀತಿ ಸಿಕ್ಕಿದ್ರೆ ಅದು ಅವಿಭಾಜ್ಯವೇ ಅಲ್ಲ." ಆ ಮಾತನ್ನು ನಾನು ಮರೆತೆ. ಅವಳು ಮರೆಯಲಿಲ್ಲ.

ಅವಳು ಹತ್ತನೇ ಕ್ಲಾಸಿನಲ್ಲಿದ್ದಾಗ ಮೂರು ವಲಯದ ಗಣಿತ ಸ್ಪರ್ಧೆ ಬಂತು. ವರ್ಷವೂ ಕೊಳ್ಳೇಗಾಲದಲ್ಲಿ ನಡೆಯುತ್ತಿತ್ತು. ಗೆದ್ದ ಒಂದು ಮಗುವಿಗೆ ಮೈಸೂರಿನಲ್ಲಿ ಪಿಯುಸಿ ಓದು, ಊಟ, ವಸತಿ ಎಲ್ಲ ಒಂದು ಟ್ರಸ್ಟಿನವರದು. ಎರಡನೆಯವರಿಗೆ ಒಂದು ಪೆನ್ನು. ನಾನು ಸೆಲ್ವಿಯನ್ನು ಕಳಿಸಿ ಎಂದು ಕೇಳಲು ಟೀ ಅಂಗಡಿಗೆ ಹೋದಾಗ ಅಜ್ಜಿ ಲೋಟ ತೊಳೆಯುತ್ತಲೇ ಹೇಳಿದರು.

"ಕರ್ಕಂಡ್ ಓಗಿ ತಾಯಿ. ಸೀಟು ಸಿಕ್ಕುದ್ರೆ ಓದ್ಲಿ. ಸಿಗ್ನಿಲ್ಲ ಅಂದ್ರೆ ಪರೀಕ್ಷೆ ಮುಗಿದೇಟ್ಗೆ ಅವ್ರತ್ತೆ ಬಂದು ಕರ್ಕಂಡೋಯ್ತಾಳೆ. ತಿರುಪೂರ್ಗೆ, ಬನಿಯನ್ ಕಂಪ್ನಿಗೆ. ಮಾತಾಗೋಗದೆ."

ಸೆಲ್ವಿ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದಳು.

ಆ ಸ್ಪರ್ಧೆಯ ಕೊನೆಯ ಸುತ್ತು ಗುರುಮಲ್ಲಪ್ಪನವರದು. ಉಳಿದ ಇಬ್ಬರಿಗೆ ಒಂದು ದೊಡ್ಡ ಸಂಖ್ಯೆ ಹೇಳುತ್ತಿದ್ದರು, ಒಡೆಯುತ್ತದೋ ಇಲ್ಲವೋ ಸ್ಲೇಟಿನ ಮೇಲೆ ಬರೆದು ಎತ್ತಿ ಹಿಡಿಯಬೇಕು. ಆ ವರ್ಷ ಅವರು ನಿವೃತ್ತರಾಗುವವರಿದ್ದರು. ಕೊನೆಯ ಸಲ ತಮ್ಮ ಕಲ್ಲನ್ನು ಹೊರಗೆ ತೆಗೆದೇ ತೆಗೆಯುತ್ತಾರೆ ಎಂದು ಮೂರೂ ವಲಯದ ಮೇಷ್ಟ್ರುಗಳು ಲೆಕ್ಕ ಹಾಕಿದ್ದರು. ಎಲ್ಲರೂ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದರು. ಸೆಲ್ವಿಗೆ ಅದನ್ನು ಹೇಳಿಕೊಡುವ ಅಗತ್ಯ ಏನು, ಅದು ಅವಳದೇ ಸಂಖ್ಯೆ ಎಂದು ನಾನು ನಿಶ್ಚಿಂತೆಯಾಗಿದ್ದೆ.

ಸ್ಪರ್ಧೆಯ ಬೆಳಿಗ್ಗೆ ಕೌದಳ್ಳಿಯಲ್ಲಿ ಬಸ್ಸು ಹತ್ತಿದೆವು. ಸ್ವಲ್ಪ ದೂರ ಬಂದ ಮೇಲೆ ಅವಳು ಕಿಟಕಿಯಿಂದ ಮುಖ ತಿರುಗಿಸಿ ಹೇಳಿದಳು.

"ಮಿಸ್, ಹತ್ತು ಲಕ್ಷದ್ ಒಂಬತ್ತು ಒಡೀತದೆ."

"ಏನೇ ಅಂದೆ?"

"ಇನ್ನೊಂದ್ ಜೊತೆ ಸಿಕ್ತು ಮಿಸ್. ಒಂಬೈನೂರ ಎಪ್ಪತ್ತೆರಡರ ವರ್ಗ, ಇನ್ನೂರ ಮೂವತ್ತೈದರ ವರ್ಗ. ಕೂಡುದ್ರೆ ಅದೇ ಬತ್ತದೆ. ಮೊನ್ನೆ ಸಿಕ್ತು. ನಿಮ್ಗೆ ಯೋಳಕ್ಕೆ ಭಯ ಆಯ್ತು."

ಚೀಲದಿಂದ ಒಂದು ಕಾಗದ ತೆಗೆದು, ಬಸ್ಸಿನ ಕುಲುಕಾಟದಲ್ಲೇ ಗುಣಿಸಿದೆ. 9,44,784. ಇನ್ನೊಂದು 55,225. ಕೂಡಿದೆ. 10,00,009. ಮತ್ತೊಮ್ಮೆ ಮಾಡಿದೆ, ಅದೇ ಬಂತು. ಎರಡು ರೀತಿ ಸಿಕ್ಕಿದೆ ಎಂದರೆ ಅದು ಒಡೆಯಲೇಬೇಕು. ನಾನೇ ಹೇಳಿದ ಮಾತು.

"ಯಾವುದರಿಂದ ಒಡೆಯುತ್ತೆ?"

"ಅದು ಸಿಕ್ಕಿಲ್ಲ ಮಿಸ್. ತೊಂಬತ್ತೇಳರಿಂದ ಮುಂದ್ಕೆ ನಾನೇ ಅವಿಭಾಜ್ಯ ಉಡಿಕ್ಕಂಡು ಭಾಗಿಸ್ತಾ ಇವ್ನಿ. ಇನ್ನೂರ ನಲವತ್ತೊಂದರ ಗಂಟ ಆಯ್ತು. ಯಾವ್ದ್ರಿಂದ್ಲೂ ಓಗ್ನಿಲ್ಲ."

ಬಸ್ಸಿನಲ್ಲಿ ತಲೆ ಬಗ್ಗಿಸಿ ಬರೆದರೆ ಅವಳಿಗೆ ವಾಂತಿ ಬರುತ್ತಿತ್ತು. ಹಾಗಾಗಿ ನಾನು ಶುರುಮಾಡಿದೆ. ಅವಳು ಕೆಳಗಿನಿಂದ ಬಂದಿದ್ದಾಳೆ, ನಾನು ಸಾವಿರದಿಂದ ಕೆಳಗಿಳಿಯೋಣ ಎಂದುಕೊಂಡೆ. 997ರಿಂದ ಭಾಗಿಸಿದೆ, ಹೋಗಲಿಲ್ಲ. 991, ಹೋಗಲಿಲ್ಲ. ಹನೂರಿನಲ್ಲಿ ಬಸ್ಸು ನಿಂತಾಗ ಒಂದಷ್ಟು ಹೆಚ್ಚು ಮಾಡಿದೆ. ಪಕ್ಕದಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತಿದ್ದ ಗೌಡರು ನನ್ನ ಕಾಗದವನ್ನೇ ನೋಡಿ, "ಜಮೀನ್ ಭಾಗನಾ ಅಮ್ಮಾರೇ?" ಎಂದು ಕೇಳಿದರು. ಉತ್ತರ ಕೊಡುವಷ್ಟು ಪುರುಸೊತ್ತು ಇರಲಿಲ್ಲ. ಕೊಳ್ಳೇಗಾಲದ ಮನೆಗಳು ಕಾಣುವ ಹೊತ್ತಿಗೆ ನಾನು ಎಂಟುನೂರರ ಹತ್ತಿರ ಇದ್ದೆ, ಕಾಗದ ತುಂಬಿತ್ತು, ಒಂದೂ ಹೋಗಿರಲಿಲ್ಲ.

"ಕೇಳುದ್ರೆ ಏನ್ ಯೋಳ್ಲಿ ಮಿಸ್?" ಎಂದಳು ಸೆಲ್ವಿ.

"ಅವಿಭಾಜ್ಯ ಅಂದರೆ ಸರಿ ಉತ್ತರ ಅಂತಾರೆ. ಒಡೆಯುತ್ತೆ ಅಂದರೆ ಒಡೆದು ತೋರಿಸು ಅಂತಾರೆ. ತೋರಿಸಕ್ಕೆ ಆಗದಿದ್ರೆ ತಪ್ಪು ಅಂತಾರೆ."

"ಒಡೀತದೆ ಅಂತ ಗೊತ್ತಿದ್ದೂ ಒಡೆಯಲ್ಲ ಅನ್ಬೋದಾ ಮಿಸ್?"

ನನ್ನ ಕಣ್ಣ ಮುಂದೆ ತಿರುಪೂರಿನ ಬಸ್ಸು ನಿಂತಿತ್ತು. ಅನ್ನು ಎಂದು ಹೇಳಲು ನಾಲಿಗೆ ಏಳಲಿಲ್ಲ, ಅನ್ನಬೇಡ ಎಂದು ಹೇಳಲೂ ಧೈರ್ಯ ಬರಲಿಲ್ಲ. ಬಸ್ ಸ್ಟ್ಯಾಂಡು ಬಂತು, ಇಳಿದೆವು.

ಸಭಾಂಗಣ ತುಂಬಿತ್ತು. ಮೊದಲ ಸುತ್ತುಗಳೆಲ್ಲ ಹೇಗೆ ಕಳೆದವೋ ನನಗೆ ನೆನಪಿಲ್ಲ. ನಾನು ಬೆಂಚಿನಲ್ಲಿ ಕೂತು ಇನ್ನೊಂದು ಕಾಗದದಲ್ಲಿ ಭಾಗಿಸುತ್ತಿದ್ದೆ. ತಲೆಯೆತ್ತಿದಾಗ ವೇದಿಕೆಯ ಮೇಲೆ ಇಬ್ಬರು ಉಳಿದಿದ್ದರು. ಸೆಲ್ವಿ, ಕೊಳ್ಳೇಗಾಲದ ಚೇತನ್ ಎಂಬ ಹುಡುಗ. ಚೇತನ್ ಒಳ್ಳೆಯ ಹುಡುಗ, ಚುರುಕು, ಮರ್ಯಾದಸ್ಥ. ಅವನನ್ನು ಬೈದುಕೊಳ್ಳಲೂ ನನಗೆ ಕಾರಣವಿರಲಿಲ್ಲ. ಗುರುಮಲ್ಲಪ್ಪನವರ ಪಕ್ಕದಲ್ಲಿ ಟ್ರಸ್ಟಿನ ಕಡೆಯವರೊಬ್ಬರು ಕೋಟು ಹಾಕಿಕೊಂಡು ಕೂತಿದ್ದರು.

ಗುರುಮಲ್ಲಪ್ಪನವರು ಎದ್ದು ಬೋರ್ಡಿನ ಈ ತುದಿಯಿಂದ ಆ ತುದಿಗೆ ಬರೆದರು. 10,00,009. ಮೇಷ್ಟ್ರುಗಳ ಸಾಲಿನಲ್ಲಿ ಸಣ್ಣ ನಗು ಹರಿಯಿತು. ನಾನು ನಗಲಿಲ್ಲ.

ಇಬ್ಬರೂ ಸ್ಲೇಟು ಎತ್ತಿದರು. ಚೇತನ್ ಸ್ಲೇಟಿನಲ್ಲಿ 'ಅವಿಭಾಜ್ಯ'. ಸೆಲ್ವಿಯ ಸ್ಲೇಟಿನಲ್ಲಿ 'ಒಡೆಯುತ್ತದೆ'.

ಕೋಟಿನವರು ಚಪ್ಪಾಳೆಗೆ ಕೈ ಎತ್ತಿದರು. ಗುರುಮಲ್ಲಪ್ಪನವರು ಅವರನ್ನು ತಡೆದು ಸೆಲ್ವಿಯನ್ನೇ ನೋಡಿದರು.

"ಏನಮ್ಮ, ಕೌದಳ್ಳಿಲಿ ಪಾಠ ಮಾಡಿಲ್ವಾ ಇದನ್ನ?"

"ಮಾಡವ್ರೆ ಸಾ."

"ಮತ್ತೆ?"

ಸೆಲ್ವಿ ಬೋರ್ಡಿಗೆ ಹೋಗಿ ಎರಡು ಜೊತೆ ವರ್ಗಗಳನ್ನು ಒಂದರ ಕೆಳಗೊಂದು ಬರೆದಳು. ಅವಳ ಕೈ ಬೋರ್ಡಿನ ಅರ್ಧಕ್ಕೆ ಮಾತ್ರ ಎಟುಕುತ್ತಿತ್ತು. ಗುರುಮಲ್ಲಪ್ಪನವರು ಅದನ್ನು ನೋಡುತ್ತಾ ನಿಂತುಬಿಟ್ಟರು. ಅವರ ತುಟಿ ಅಲ್ಲಾಡಿತು. ಗುಣಿಸುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಇದರಿಂದ ಏನು ಸಾರ್ ಆಯ್ತು?" ಎಂದರು ಕೋಟಿನವರು. "ಅಪವರ್ತನ ಎಲ್ಲಿ? ಉತ್ತರ ಅವಿಭಾಜ್ಯ ಅಂತ ನೀವೇ ಬರ್ಕೊಟ್ಟಿದ್ದೀರಿ. ಹುಡುಗ ಗೆದ್ದ."

"ಹತ್ತು ನಿಮಿಷ ಕೊಡೋಣ" ಎಂದರು ಗುರುಮಲ್ಲಪ್ಪನವರು. ಅವರ ದನಿ ಯಾಕೋ ಸಣ್ಣದಾಗಿತ್ತು. "ಒಡೀತದೆ ಅಂದವಳು ಒಡೀಲಿ. ಬೆಲ್ ಆದ್ಮೇಲೆ ಇಲ್ಲ."

ಸೆಲ್ವಿ ಬೋರ್ಡಿನ ಮೂಲೆಯಲ್ಲಿ 251 ಎಂದು ಬರೆದಳು. ಅಲ್ಲಿಂದ ನಾನು ಇಳಿದು ಬಂದಿದ್ದ ಸಂಖ್ಯೆಯವರೆಗೆ ಎಷ್ಟು ಭಾಗಾಕಾರ ಎಂದು ಯೋಚಿಸುವುದಕ್ಕೂ ಭಯವಾಯಿತು. ಶೇಷ ಇಪ್ಪತ್ತೈದು. 257, ಶೇಷ ಇಪ್ಪತ್ತೆರಡು. ಅವಳು ಅಳಿಸುತ್ತಿದ್ದಳು, ಬರೆಯುತ್ತಿದ್ದಳು. ಸೀಮೆಸುಣ್ಣದ ಪುಡಿ ಲಂಗದ ಮೇಲೆ ಬೀಳುತ್ತಿತ್ತು. 263. 269. ಸಭೆಯಲ್ಲಿ ಯಾರೋ ಕೆಮ್ಮಿದರು. 271ರಲ್ಲಿ ಶೇಷ ಹತ್ತೊಂಬತ್ತು ಬಂತು. ಜವಾನ ಬೆಲ್ಲಿನ ಪಕ್ಕ ಹೋಗಿ ನಿಂತ. ನಾನು ಸೆರಗಿನ ತುದಿಯನ್ನು ಹಿಂಡಿ ಹಿಪ್ಪೆ ಮಾಡಿದ್ದೆ. 277, ಇಲ್ಲ. 281, ಇಲ್ಲ. 283, ಇಲ್ಲ. 289 ಎಂದು ಬರೆಯಲು ಹೋದವಳು ನಿಂತಳು. ಅದು ಹದಿನೇಳರ ವರ್ಗ, ಅವಿಭಾಜ್ಯವಲ್ಲ. ಬಿಟ್ಟು ಮುಂದೆ ಹೋದಳು.

293 ಎಂದು ಬರೆದಳು. ಭಾಗಲಬ್ಧದ ಜಾಗದಲ್ಲಿ ಮೂರು ಬರೆದಳು, ನಾಲ್ಕು ಬರೆದಳು, ಒಂದು ಬರೆದಳು. ಕೊನೆಯ ಒಂಬತ್ತನ್ನು ಕೆಳಗೆ ತಂದಾಗ ಅಲ್ಲಿ 879 ಆಯಿತು. ಇನ್ನೂರ ತೊಂಬತ್ಮೂರು ಮೂರಲಿ ಎಂಟುನೂರ ಎಪ್ಪತ್ತೊಂಬತ್ತು. ಶೇಷದ ಜಾಗದಲ್ಲಿ ಅವಳು ಸೊನ್ನೆ ಬರೆದು, ಸೀಮೆಸುಣ್ಣ ಕೆಳಗಿಟ್ಟಳು.

"ಓಯ್ತು ಸಾ" ಎಂದಳು.

ಗುರುಮಲ್ಲಪ್ಪನವರು ಅವಳಿಟ್ಟ ಸೀಮೆಸುಣ್ಣವನ್ನೇ ಎತ್ತಿಕೊಂಡರು. ಬೋರ್ಡಿನ ಖಾಲಿ ಜಾಗದಲ್ಲಿ 3413 ಎಂದು ಬರೆದು ಕೆಳಗೆ 293 ಬರೆದು ತಾವೇ ಗುಣಿಸಿದರು. ಮೂರು ಸಾಲು. ಆಮೇಲೆ ಬಲಗಡೆಯಿಂದ ಕೂಡಲು ಶುರುಮಾಡಿದರು. ಒಂಬತ್ತು. ಮುಂದಿನ ಮನೆಯಲ್ಲಿ ಹತ್ತು, ಸೊನ್ನೆ ಬರೆದು ಒಂದು ದಶಕ. ಅದರ ಮುಂದಿನ ಮನೆಯಲ್ಲೂ ಹತ್ತು, ಸೊನ್ನೆ, ಒಂದು ದಶಕ. ಪ್ರತಿ ಮನೆಯಲ್ಲೂ ಹತ್ತೇ ಬರುತ್ತಿತ್ತು. ಸೊನ್ನೆಯ ಪಕ್ಕ ಸೊನ್ನೆ ಬೀಳುವುದನ್ನು ಸಭೆಯೆಲ್ಲ ನೋಡುತ್ತಿತ್ತು. ಕೊನೆಗೆ ಉಳಿದ ಒಂದನ್ನು ಎಡತುದಿಯಲ್ಲಿ ಬರೆದು ಅವರು ಕೈ ಇಳಿಸಿದರು.

"ಒಡೀತು" ಎಂದರು.

ಕೋಟಿನವರು ಕಕ್ಕಾಬಿಕ್ಕಿಯಾಗಿ, "ಹಾಗಾದ್ರೆ ಹುಡುಗಿ ಗೆದ್ಲು ಅನ್ನಿ" ಎಂದರು.

"ಇಲ್ಲ. ಹುಡುಗ ನಾನು ಕಲಿಸಿದ್ದನ್ನ ಬರ್ದವನೆ. ತಪ್ಪು ಅವನದಲ್ಲ. ಈ ಪ್ರಶ್ನೆ ರದ್ದು. ಇಬ್ರಿಗೂ ಇನ್ನೊಂದು ಕೇಳ್ತೀನಿ."

ನನಗೆ ಎದ್ದು ಕೂಗಬೇಕು ಎನಿಸಿತು. ಗೆದ್ದ ಮಗುವನ್ನು ಮತ್ತೆ ಓಡಿಸುವುದು ಯಾವ ನ್ಯಾಯ? ಆದರೆ ಚೇತನ್ ಮುಖ ನೋಡಿದರೆ ಅವನೂ ಅಳುವಂತಿದ್ದ. ಬಾಯಿ ಮುಚ್ಚಿಕೊಂಡು ಕೂತೆ.

ಗುರುಮಲ್ಲಪ್ಪನವರು ಬೋರ್ಡಿನ ಮೇಲೆ ಆಗತಾನೇ ಹುಟ್ಟಿದ್ದ 3413ಕ್ಕೆ ಸುತ್ತು ಹಾಕಿದರು. "ಇದು ಒಡೀತದಾ? ಮೊದಲು ಸರಿಯಾಗಿ ಹೇಳ್ದವರದು ಸೀಟು. ಕಾರಣ ಬೇಕು."

ಎರಡು ಬಳಪಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಸೆಲ್ವಿ ಈಗಷ್ಟೇ ಅಷ್ಟು ಭಾಗಾಕಾರ ಮಾಡಿ ಸುಸ್ತಾಗಿದ್ದಳು. ಚೇತನ್ ಕೈ ಅವಳಿಗಿಂತ ಬೇಗ ಓಡುತ್ತಿತ್ತು, ಅದು ನನಗೆ ಕಾಣುತ್ತಿತ್ತು. ಅವನು ತಲೆಯಲ್ಲೇ ಭಾಗಿಸಿ ಗೀಟು ಹಾಕುತ್ತಿದ್ದ. ಅವಳು ಒಂದೊಂದನ್ನೂ ಬರೆದು ನೋಡುತ್ತಿದ್ದಳು. ಸೋತಳು ಎಂದುಕೊಂಡು ನಾನು ಕಣ್ಣು ಮುಚ್ಚಿಕೊಂಡೆ.

ಸ್ಲೇಟು ಮೇಜಿಗೆ ತಾಗಿದ ಸದ್ದಾಯಿತು. ಕಣ್ಣು ಬಿಟ್ಟೆ. ಎತ್ತಿದ್ದವಳು ಸೆಲ್ವಿ. 'ಅವಿಭಾಜ್ಯ' ಎಂದು ಬರೆದಿದ್ದಳು. ಚೇತನ್ ಇನ್ನೂ ಬರೆಯುತ್ತಿದ್ದ.

"ಎಲ್ಲಿ ಗಂಟ ನೋಡ್ದೆಯಮ್ಮ?"

"ಐವತ್ಮೂರರ ಗಂಟ ಸಾ."

"ಯಾಕೆ ನಿಲ್ಲಿಸ್ದೆ?"

"ಮುಂದಿನ್ದು ಐವತ್ತೊಂಬತ್ತು ಸಾ. ಅದನ್ನ ಅದ್ರಿಂದ್ಲೇ ಗುಣಸುದ್ರೆ ಮೂರ್ ಸಾವ್ರದ್ ನಾನೂರ ಎಂಬತ್ತೊಂದು. ಇದನ್ನ ದಾಟೋಯ್ತದೆ. ಅಷ್ಟು ಸಾಕು."

ಗುರುಮಲ್ಲಪ್ಪನವರು ಚೇತನ್ ಕಡೆ ತಿರುಗಿದರು. "ನೀನು ಎಲ್ಲಿದ್ದೀಯಪ್ಪ?"

"ಅರವತ್ತೊಂದು ಮಾಡ್ತಿದ್ದೀನಿ ಸಾರ್. ಇನ್ನೂ ತೊಂಬತ್ತೇಳರವರೆಗೂ ಹೋಗ್ಬೇಕು."

"ಯಾಕೆ ತೊಂಬತ್ತೇಳು?"

ಹುಡುಗನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅಲ್ಲಿಗೆ ಮುಗಿಯತ್ತಲ್ಲ ಸಾರ್" ಎಂದ.

ಮೇಷ್ಟ್ರುಗಳ ಸಾಲಿನಲ್ಲಿ ಈ ಸಲ ಯಾರೂ ನಗಲಿಲ್ಲ. ಸೀಟು ಸೆಲ್ವಿಗೆ ಎಂದು ಗುರುಮಲ್ಲಪ್ಪನವರೇ ಹೇಳಿದರು. ಚಪ್ಪಾಳೆಯ ನಡುವೆ ಅವಳು ನನ್ನನ್ನು ಹುಡುಕಿದಳು. ನಾನು ಅಳುತ್ತಿದ್ದೆ, ಮುಚ್ಚಿಡುವುದೇನು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಸೆಲ್ವಿ ಬಾಳೆಹಣ್ಣು ತಿನ್ನುತ್ತಿದ್ದಳು. ಗುರುಮಲ್ಲಪ್ಪನವರು ನಮ್ಮ ಕಡೆಗೇ ನಡೆದು ಬರುವುದು ಕಂಡಿತು. ನನಗೆ ಹೈಸ್ಕೂಲಿನ ದಿನಗಳ ನಡುಕ ಮತ್ತೆ ಬಂತು. ಅವರ ಕೊನೆಯ ಸ್ಪರ್ಧೆಯಲ್ಲಿ, ಅವರ ಶಿಷ್ಯರೆಲ್ಲರ ಎದುರು, ನನ್ನ ಹುಡುಗಿಯಿಂದ ಆದ ಅವಮಾನ. ಎದ್ದು ನಿಂತೆ. ಕೂತ್ಕೋ ಎಂದು ಕೈ ಮಾಡಿ ಅವರೂ ಕಲ್ಲುಬೆಂಚಿನ ತುದಿಯಲ್ಲಿ ಕೂತರು.

"ರತ್ನ, ನಿಂಗೆ ಎಷ್ಟು ವರ್ಷದಿಂದ ಗೊತ್ತು, ಸಾವಿರದ ಗಂಟ ನೋಡ್ಬೇಕು ಅನ್ನೋದು?"

"ಕಾಲೇಜಿಂದ ಗೊತ್ತು ಸಾರ್."

"ನಂಗೂ ಗೊತ್ತಿತ್ತು. ನಮ್ಮ ಮೇಷ್ಟ್ರು ಹೇಳಿದ್ರು, ನಾನು ಹೇಳ್ದೆ. ನೀನು ಯಾಕೆ ಒಂದ್ಸಲನೂ ಕೇಳ್ಲಿಲ್ಲ?"

"ನೀವು ಹೇಳಿದ್ರಲ್ಲ ಸಾರ್."

ಯಳಂದೂರಿನ ಬಸ್ಸು ಬಂದು ನಿಂತಿತು. ಕಂಡಕ್ಟರ್ ಗುರುತು ಹಿಡಿದು, "ಬನ್ನಿ ಮೇಷ್ಟ್ರೇ, ಸೀಟದೆ" ಎಂದು ಕರೆದ. ಅವರು ಅವನ ಕಡೆ ನೋಡಲಿಲ್ಲ. ಬಸ್ಸು ಹೊರಟುಹೋಯಿತು.

"ಇನ್ನೇನೇನು ಹೇಳ್ಕೊಟ್ಟಿದ್ದೀನಿ ನಿಂಗೆ?" ಎಂದರು.

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೆದರಿಕೆ ಇತ್ತು. ನನ್ನ ಮೇಷ್ಟ್ರು ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಏಳರಿಂದ ಭಾಗ ಹೋಗುತ್ತಾ ಅಂತ ನೋಡೋ ಉಪಾಯ, ಸಾರ್" ಎಂದು ನಾನು ಶುರುಮಾಡಿದೆ.

ಸೆಲ್ವಿ ಹಣ್ಣಿನ ಸಿಪ್ಪೆಯನ್ನು ಪಕ್ಕಕ್ಕಿಟ್ಟು, ಸ್ಲೇಟನ್ನು ಲಂಗಕ್ಕೆ ಒರೆಸಿ ಅವರ ಮುಂದೆ ಹಿಡಿದಳು.